ಕ್ರೂಸ್‌ನಲ್ಲಿ ಸ್ಪೆಷಾಲಿಟಿ ಡೈನಿಂಗ್ ಪ್ಯಾಕೇಜ್: ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಕ್ರೂಸ್ ಬುಕ್ ಮಾಡಿದ ಕೆಲವೇ ದಿನಗಳಲ್ಲಿ ಇಮೇಲ್‌ಗಳು ಶುರುವಾಗುತ್ತವೆ. ಡೈನಿಂಗ್ ಪ್ಯಾಕೇಜ್ ಮೇಲೆ ಇಷ್ಟು ಶೇಕಡಾ ರಿಯಾಯಿತಿ, ಇವತ್ತೇ ಕೊನೆಯ ದಿನ, ಬೇಗ ಕೊಳ್ಳಿ. ಟಿಕೆಟ್ ದರದಲ್ಲಿ ಸೇರದ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳ ಹಲವು ಊಟಕ್ಕೆ ಒಮ್ಮೆಗೇ ದುಡ್ಡು ಕಟ್ಟಿಸಿಕೊಳ್ಳುವುದೇ ಈ ಡೈನಿಂಗ್ ಪ್ಯಾಕೇಜ್. ಹಡಗಿನ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳಲ್ಲೆಲ್ಲ ಬೇರೆ ಬೇರೆಯಾಗಿ ದುಡ್ಡು ಕೊಟ್ಟು ಉಂಡರೆ ಎಷ್ಟಾಗುತ್ತದೋ ಅದಕ್ಕೆ ಹೋಲಿಸಿ ಆ ರಿಯಾಯಿತಿಯನ್ನು ತೋರಿಸಿರುತ್ತಾರೆ. ಆದರೆ ವಾರವಿಡೀ ಹಾಗೆ ದುಡ್ಡು ಕೊಟ್ಟು ಉಣ್ಣುವವರು ಬಹಳ ಕಡಿಮೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಪ್ಯಾಕೇಜ್ ಎನ್ನುವುದೇ ಇರದಿದ್ದರೆ ಈ ಪ್ರಯಾಣದಲ್ಲಿ ಎಷ್ಟು ಊಟಕ್ಕೆ ನಾನು ಕೈಯಿಂದ ದುಡ್ಡು ಕೊಡುತ್ತಿದ್ದೆ? ಈ ಸಂಖ್ಯೆಯನ್ನು ಮೊದಲೇ ಒಂದು ಕಡೆ ಬರೆದಿಟ್ಟುಕೊಳ್ಳಿ. ಆಫರ್ ನೋಡಿದ ಮೇಲೆ ಬರೆದರೆ ಅದು ತಾನಾಗಿಯೇ ದೊಡ್ಡದಾಗಿಬಿಡುತ್ತದೆ.

ಹೆಜ್ಜೆ 1: ಟಿಕೆಟ್‌ನಲ್ಲೇ ಏನೇನು ಸೇರಿದೆ ನೋಡಿ

ದೊಡ್ಡ ಹಡಗುಗಳಲ್ಲಿ ಮೇನ್ ಡೈನಿಂಗ್ ರೂಮ್, ಬಫೆ, ಜೊತೆಗೆ ಪಿಜ್ಜಾ, ಬರ್ಗರ್, ಸ್ಯಾಂಡ್‌ವಿಚ್ ಕೊಡುವ ಕೆಲವು ಸಣ್ಣ ಕೌಂಟರ್‌ಗಳು ಟಿಕೆಟ್ ದರದಲ್ಲೇ ಸೇರಿರುತ್ತವೆ. ಮೇನ್ ಡೈನಿಂಗ್ ರೂಮಿನಲ್ಲಿ ಸ್ಟಾರ್ಟರ್, ಮೇನ್ ಕೋರ್ಸ್, ಡೆಸರ್ಟ್ ಎಲ್ಲ ಬಡಿಸುತ್ತಾರೆ, ಮೆನು ದಿನಕ್ಕೊಂದು ಬದಲಾಗುತ್ತದೆ. ಒಂದು ಸ್ಟಾರ್ಟರ್ ಸಾಲದಿದ್ದರೆ ಎರಡು ಕೇಳಬಹುದು. ಸ್ಪೆಷಾಲಿಟಿ ರೆಸ್ಟೋರೆಂಟಿನಲ್ಲಿ ನೀವು ಕೊಡುವ ಪ್ರತಿ ಡಾಲರೂ ಈಗಾಗಲೇ ದುಡ್ಡು ಕಟ್ಟಿರುವ ಈ ಊಟವನ್ನು ಬಿಟ್ಟು ಇನ್ನೊಂದಕ್ಕೆ ಕೊಡುವ ಡಾಲರು.

ಎಲ್ಲ ಕಂಪನಿಗಳ ಪದ್ಧತಿಯೂ ಒಂದೇ ಅಲ್ಲ. ವರ್ಜಿನ್ ವಾಯೇಜಸ್, ಓಷಿಯಾನಿಯಾ, ರೀಜೆಂಟ್ ಸೆವೆನ್ ಸೀಸ್ ಹಡಗುಗಳಲ್ಲಿ ಹೆಚ್ಚುಕಡಿಮೆ ಎಲ್ಲ ರೆಸ್ಟೋರೆಂಟ್‌ಗಳೂ ಟಿಕೆಟ್‌ನಲ್ಲೇ ಬರುತ್ತವೆ, ಹಾಗಾಗಿ ಈ ಲೇಖನದ ಬಹುಪಾಲು ಅಲ್ಲಿಗೆ ಅನ್ವಯಿಸುವುದಿಲ್ಲ. ಡಿಸ್ನಿ ಹಡಗುಗಳ ಪಾಲೋ ಮತ್ತು ರೆಮಿ ರೆಸ್ಟೋರೆಂಟ್‌ಗಳಿಗೆ ಊಟಕ್ಕಿಷ್ಟು ಎಂದು ಬೇರೆಯೇ ಕೊಡಬೇಕು. ಅವು 18 ದಾಟಿದವರಿಗೆ ಮಾತ್ರ, ಮಕ್ಕಳನ್ನು ಕರೆದೊಯ್ಯುವಂತಿಲ್ಲ. ರಾಯಲ್ ಕೆರಿಬಿಯನ್, ನಾರ್ವೀಜಿಯನ್, ಸೆಲೆಬ್ರಿಟಿ, ಎಂಎಸ್‌ಸಿ ಕಂಪನಿಗಳ ಪ್ರಯಾಣಿಕರಿಗೇ ಪ್ಯಾಕೇಜ್ ಲೆಕ್ಕ ಹೆಚ್ಚು ಮುಖ್ಯ.

ಇನ್ನೊಂದನ್ನು ಇಲ್ಲೇ ಪರೀಕ್ಷಿಸಿಬಿಡಿ. ಹಾಲೆಂಡ್ ಅಮೆರಿಕದ ಹ್ಯಾವ್ ಇಟ್ ಆಲ್, ಪ್ರಿನ್ಸೆಸ್‌ನ ಪ್ರೀಮಿಯರ್ ಥರದ ಒಟ್ಟು ಪ್ಯಾಕೇಜ್‌ಗಳಲ್ಲಿ ಡ್ರಿಂಕ್ಸ್, ವೈಫೈ ಜೊತೆಗೆ ಸ್ಪೆಷಾಲಿಟಿ ಊಟವೂ ಸೇರಿರುತ್ತದೆ. ನಾರ್ವೀಜಿಯನ್‌ನಲ್ಲೂ ಬುಕಿಂಗ್ ಆಫರ್ ಜೊತೆ ಕೆಲವು ಊಟ ಕೊಡುವ ವಾಡಿಕೆಯಿದೆ. ಸೂಟ್‌ನಲ್ಲಿ ತಂಗುವವರಿಗೆ, ಲಾಯಲ್ಟಿ ಕ್ಲಬ್ಬಿನ ಮೇಲಿನ ದರ್ಜೆಯವರಿಗೆ ಒಂದೆರಡು ಊಟ ಉಚಿತವಾಗಿ ಸಿಗುವುದುಂಟು. ಬುಕಿಂಗ್ ದೃಢೀಕರಣದ ಪತ್ರವನ್ನು ತೆರೆದು ಸಾಲು ಸಾಲಾಗಿ ಓದಿ. ನಿಮ್ಮ ಬಳಿ ಆಗಲೇ ಎರಡು ಊಟವಿದ್ದರೆ ಅದರ ಮೇಲೆ ಮೂರು ರಾತ್ರಿಯ ಪ್ಯಾಕೇಜ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಆಫರ್‌ನ ಊಟ ಅನೇಕ ಸಲ ಕ್ಯಾಬಿನ್ನಿನ ಮೊದಲ ಇಬ್ಬರಿಗಷ್ಟೇ ಇರುತ್ತದೆ ಎಂಬುದನ್ನೂ ಗಮನಿಸಿ. ಮೂರನೆಯವರು, ನಾಲ್ಕನೆಯವರು ಇದ್ದರೆ ಅವರ ಊಟದ ದುಡ್ಡು ಬೇರೆ.

ಹೆಜ್ಜೆ 2: ಪೂರ್ತಿ ಬೆಲೆ ಎಷ್ಟೆಂದು ತಿಳಿದುಕೊಳ್ಳಿ

ಪ್ಯಾಕೇಜ್‌ಗಳು ಸಾಮಾನ್ಯವಾಗಿ ಎರಡು ಬಗೆ. ಒಂದು ಎಣಿಕೆಯದು: ಎರಡು, ಮೂರು ಅಥವಾ ಹೆಚ್ಚು ರಾತ್ರಿಯ ಊಟ. ಇನ್ನೊಂದು ಅನ್‌ಲಿಮಿಟೆಡ್: ಪ್ರಯಾಣ ಮುಗಿಯುವವರೆಗೆ ಎಷ್ಟು ಸಲ ಬೇಕಾದರೂ. ರಾಯಲ್ ಕೆರಿಬಿಯನ್‌ನಲ್ಲಿ ಸ್ಟೇಕ್‌ಹೌಸಿನ (ಗ್ರಿಲ್ ಮಾಡಿದ ಮಾಂಸಕ್ಕೆ ಹೆಸರಾದ ರೆಸ್ಟೋರೆಂಟಿನ) ಒಂದು ಊಟಕ್ಕೆ ಬೇರೆ ರೆಸ್ಟೋರೆಂಟಿನ ಒಂದು ಊಟ ಸೇರಿಸಿದ 'ಚಾಪ್ಸ್ ಪ್ಲಸ್ ಒನ್' ಎಂಬುದೂ ಇದೆ.

ಪರದೆಯ ಮೇಲೆ ಕಾಣುವ ಬೆಲೆ ಒಬ್ಬರಿಗೋ ಕ್ಯಾಬಿನ್ನಿಗೋ, ಇಡೀ ಪ್ರಯಾಣಕ್ಕೋ ದಿನಕ್ಕೋ, ಸೇವಾ ಶುಲ್ಕ ಸೇರಿಯೋ ಬಿಟ್ಟೋ ಎಂದು ನೋಡಿ. ಹೆಚ್ಚಿನವರು ಎಡವುವುದು ಸೇವಾ ಶುಲ್ಕದಲ್ಲಿ. ರಾಯಲ್ ಕೆರಿಬಿಯನ್‌ನಲ್ಲಿ ಅದು ಶೇ. 18, ನಾರ್ವೀಜಿಯನ್ ಮತ್ತು ಸೆಲೆಬ್ರಿಟಿಯಲ್ಲಿ ಶೇ. 20. ಬಿಡಿ ಊಟಕ್ಕೂ ಇದೇ ಶುಲ್ಕ ಬೀಳುವುದರಿಂದ ಹೋಲಿಸುವಾಗ ಎರಡೂ ಕಡೆ ಸೇರಿಸಿ, ಇಲ್ಲವೇ ಎರಡೂ ಕಡೆ ಬಿಡಿ. ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಲೆಕ್ಕ ಪೂರಾ ತಲೆಕೆಳಗಾಗುತ್ತದೆ. ಇದಲ್ಲದೆ ಪ್ರತಿದಿನ ಕ್ಯಾಬಿನ್ ಖಾತೆಗೆ ಬೀಳುವ ಗ್ರಾಚ್ಯುಟಿ, ಅಂದರೆ ಸಿಬ್ಬಂದಿಯ ಟಿಪ್ ಒಂದಿದೆ, ಮೇನ್ ಡೈನಿಂಗ್ ರೂಮಿನ ಸಿಬ್ಬಂದಿಗೂ ಅದರಲ್ಲಿ ಪಾಲು. ಒಂದು ರಾತ್ರಿಯೂ ಅಲ್ಲಿಗೆ ಹೋಗದಿದ್ದರೂ ಅದು ಕಡಿಮೆಯಾಗುವುದಿಲ್ಲ.

ಹೆಜ್ಜೆ 3: ಕೂಡಿ ಕಳೆದು ನೋಡಿ

ಬೆಲೆಗಳು ಹಡಗಿನಿಂದ ಹಡಗಿಗೆ, ವಾರದಿಂದ ವಾರಕ್ಕೆ ಬದಲಾಗುತ್ತಲೇ ಇರುತ್ತವೆ. ಲೆಕ್ಕದ ದಾರಿ ತೋರಿಸಲು ಕೆಲವು ಅಂಕಿಗಳನ್ನು ಹೀಗೆಂದು ಇಟ್ಟುಕೊಳ್ಳೋಣ, ಆಮೇಲೆ ನಿಮ್ಮ ಹಡಗಿನ ಅಂಕಿಗಳನ್ನು ಅಲ್ಲಿ ಕೂರಿಸಿಕೊಳ್ಳಿ. ಏಳು ರಾತ್ರಿಯ ಪ್ರಯಾಣ, ಸೇವಾ ಶುಲ್ಕ ಶೇ. 18. ಸ್ಟೇಕ್‌ಹೌಸಿನಲ್ಲಿ ರಾತ್ರಿಯೂಟ 60 ಡಾಲರ್, ಶುಲ್ಕ ಸೇರಿ 70.80. ಇಟಾಲಿಯನ್ ರೆಸ್ಟೋರೆಂಟಿನಲ್ಲಿ 45, ಶುಲ್ಕ ಸೇರಿ 53.10. ಮಧ್ಯಾಹ್ನದ ಊಟ 25, ಶುಲ್ಕ ಸೇರಿ 29.50. ಮೂರು ರಾತ್ರಿಯ ಪ್ಯಾಕೇಜ್ 120, ಶುಲ್ಕ ಸೇರಿ 141.60. ಅನ್‌ಲಿಮಿಟೆಡ್ 260, ಶುಲ್ಕ ಸೇರಿ 306.80. ಎಲ್ಲವೂ ಒಬ್ಬರಿಗೆ.

ಮೂರು ರಾತ್ರಿಯದು ಸುಲಭ. ಸ್ಟೇಕ್‌ಹೌಸಿನಲ್ಲಿ ಎರಡು ಸಲ ಉಂಡರೆ ಬಿಡಿಯಾಗಿ 141.60 ಆಗುತ್ತದೆ, ಪ್ಯಾಕೇಜ್ ಬೆಲೆಯೂ ಅಷ್ಟೇ. ಅಂದರೆ ಅಲ್ಲಿ ಎರಡು ಊಟ ಹೇಗೂ ಮಾಡುವವರಿಗೆ ಮೂರನೆಯದು ಪುಕ್ಕಟೆ. ಒಂದೇ ಊಟ ಸಾಕೆನ್ನುವವರು 70.80 ಕೊಟ್ಟು ಸುಮ್ಮನಿರುವುದೇ ಲೇಸು.

ಅನ್‌ಲಿಮಿಟೆಡ್‌ನಲ್ಲಿ ನಿಧಾನಿಸಬೇಕು. 306.80ನ್ನು 70.80ರಿಂದ ಭಾಗಿಸಿದರೆ ನಾಲ್ಕೂ ಕಾಲಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ನಾಲ್ಕು ರಾತ್ರಿಯೂಟ, ಒಂದು ಮಧ್ಯಾಹ್ನದ ಊಟ ಮಾಡಿದರೆ ಬಿಡಿ ಲೆಕ್ಕ 312.70 ಆಗಿ, ಆರು ಡಾಲರಿನಷ್ಟು ಉಳಿಯಿತು ಅನ್ನಿಸುತ್ತದೆ. ಆದರೆ ನಾಲ್ಕೂ ರಾತ್ರಿ ಸ್ಟೇಕ್‌ಹೌಸಿನಲ್ಲೇ ಕೂರುವವರು ಯಾರು? ಎರಡು ರಾತ್ರಿ ಅಲ್ಲಿ, ಎರಡು ರಾತ್ರಿ ಇಟಾಲಿಯನ್‌ನಲ್ಲಿ ಅಂದುಕೊಳ್ಳಿ. 141.60ಕ್ಕೆ 106.20 ಸೇರಿ 247.80. ಇದಕ್ಕೆ ಎರಡು ಮಧ್ಯಾಹ್ನದ ಊಟದ 59 ಸೇರಿಸಿದರೆ ಸರಿಯಾಗಿ 306.80. ಆರು ಸಲ ಸ್ಪೆಷಾಲಿಟಿ ರೆಸ್ಟೋರೆಂಟಿಗೆ ಹೋದ ಮೇಲೂ ಉಳಿತಾಯ ಸೊನ್ನೆ. ಎಲ್ಲ ಊಟಕ್ಕೂ ಅತಿ ದುಬಾರಿ ರೆಸ್ಟೋರೆಂಟಿನ ದರವನ್ನೇ ಹಚ್ಚುವುದು, ಮಧ್ಯಾಹ್ನದ ಊಟಕ್ಕೂ ರಾತ್ರಿಯ ದರ ಹಿಡಿಯುವುದು, ಈ ಎರಡು ತಪ್ಪುಗಳಿಂದಲೇ ಅನ್‌ಲಿಮಿಟೆಡ್ ಬಹಳ ಅಗ್ಗವಾಗಿ ಕಾಣುತ್ತದೆ.

ಈಗ ಮೊದಲೇ ಬರೆದಿಟ್ಟ ಸಂಖ್ಯೆಯನ್ನು ತೆಗೆಯಿರಿ. ಪ್ಯಾಕೇಜ್ ಇರದಿದ್ದರೆ ಸ್ಟೇಕ್‌ಹೌಸಿನಲ್ಲಿ ಎರಡು ಊಟ ಮಾಡುತ್ತಿದ್ದೆ ಎಂದು ಬರೆದಿದ್ದರೆ ನಿಮ್ಮ ನಿಜವಾದ ಖರ್ಚು 141.60. ಅನ್‌ಲಿಮಿಟೆಡ್ ಕೊಂಡರೆ ಅದರ ಮೇಲೆ 165.20 ಹೆಚ್ಚು ಕೊಟ್ಟಂತೆ. ಆ ದುಡ್ಡಿಗೆ ಸಿಗುವುದು ಎರಡು ಇಟಾಲಿಯನ್ ರಾತ್ರಿಯೂಟ, ಎರಡು ಮಧ್ಯಾಹ್ನದ ಊಟ, ಅಂದರೆ ಊಟವೊಂದಕ್ಕೆ 41.30. ಮೇನ್ ಡೈನಿಂಗ್ ರೂಮಿನ ಊಟಕ್ಕಿಂತ ಇವು ಪ್ರತಿ ಸಲವೂ 41 ಡಾಲರಿನಷ್ಟು ಮೇಲು ಅನ್ನಿಸುತ್ತದೆಯೇ? ಹೌದೆಂದರೆ ಖುಷಿಯಾಗಿ ಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಉಳಿತಾಯ ಆಗುತ್ತದೆಂದು ಮಾತ್ರ ಕೊಳ್ಳಬೇಡಿ. ಇಬ್ಬರಿದ್ದರೆ ಈ ವ್ಯತ್ಯಾಸ 330 ಡಾಲರ್ ದಾಟುತ್ತದೆ.

ಹೆಜ್ಜೆ 4: ದಿನಗಳನ್ನು ಕಾಗದದ ಮೇಲೆ ಹರಡಿ

ದುಡ್ಡಿನ ಲೆಕ್ಕ ಸರಿಬಂದರೂ ಸಮಯದ ಲೆಕ್ಕ ಕೈಕೊಡುವುದೇ ಹೆಚ್ಚು. ಒಂದು ಹಾಳೆಯಲ್ಲಿ ಪ್ರಯಾಣದ ಪ್ರತಿ ದಿನಕ್ಕೂ ಒಂದು ಸಾಲು ಎಳೆಯಿರಿ. ಅಂದು ಬಂದರೇ ಸಮುದ್ರವೇ, ಬಂದರಾದರೆ ಹಡಗಿಗೆ ಮರಳಬೇಕಾದ ಕೊನೆಯ ಗಳಿಗೆ ಯಾವುದು, ಆ ರಾತ್ರಿ ಬುಕ್ ಮಾಡಿದ ಶೋ ಎಷ್ಟು ಹೊತ್ತಿಗೆ ಎಂದು ಬರೆಯಿರಿ.

ಸ್ಪೆಷಾಲಿಟಿ ರೆಸ್ಟೋರೆಂಟಿನ ರಾತ್ರಿಯೂಟಕ್ಕೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಏಳಕ್ಕೆ ಕೂತು ಎಂಟೂವರೆಯ ಶೋಗೆ ಹೋಗುತ್ತೇನೆ ಎಂದರೆ ಡೆಸರ್ಟ್ ಬಿಟ್ಟು ಏಳಬೇಕಾದೀತು. ಕಾದ ಕಬ್ಬಿಣದ ತಟ್ಟೆಯ ಮುಂದೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಅಡುಗೆ ಮಾಡುವ ಟೆಪನ್ಯಾಕಿ ಅಥವಾ ಹಿಬಾಚಿಯಲ್ಲಿ ಊಟ ಶುರುವಾಗುವ ಹೊತ್ತು ನಿಗದಿಯಾಗಿರುತ್ತದೆ, ತಡವಾಗಿ ಬಂದವರಿಗಾಗಿ ಕಾಯುವುದಿಲ್ಲ. ಮೇಜಿನ ಮೇಲೆ ಬೆಳಕಿನ ಚಿತ್ರ ಕುಣಿಸುವ ಸೆಲೆಬ್ರಿಟಿಯ 'ಲ ಪೆಟಿ ಶೆಫ್' ಕೂಡ ಹಾಗೆಯೇ. ಇಂಥವನ್ನು ಶೋ ಇರುವ ರಾತ್ರಿ ಇಟ್ಟುಕೊಳ್ಳಬೇಡಿ.

ಬಂದರಿನಲ್ಲಿ ದಿನವಿಡೀ ಅಲೆದು, ಅಲ್ಲೇ ಏನಾದರೂ ತಿಂದು ಬಂದ ಸಂಜೆ ಮೂರು ಕೋರ್ಸಿನ ಊಟ ರುಚಿಸುವುದಿಲ್ಲ. ಅಂಥ ದಿನ ಬಹುತೇಕರು ಬಫೆಗೆ ಹೋಗಿ ಬೇಗ ಮಲಗುತ್ತಾರೆ. ಸಂಜೆ ತಡವಾಗಿ ಹೊರಡುವ ಬಂದರುಗಳ ದಿನಗಳನ್ನು ಹೊಡೆದುಹಾಕಿ. ಮೇನ್ ಡೈನಿಂಗ್ ರೂಮಿನಲ್ಲಿ ಲಾಬ್‌ಸ್ಟರ್ ಬಡಿಸುವ ಫಾರ್ಮಲ್ ನೈಟ್ (ಎಲ್ಲರೂ ಅಲಂಕರಿಸಿಕೊಂಡು ಬರುವ ರಾತ್ರಿ) ನಿಮ್ಮ ಹಡಗಿನಲ್ಲಿ ಇದ್ದು ಅದು ನಿಮಗೆ ಇಷ್ಟವಾದರೆ ಅದನ್ನೂ ಹೊಡೆದುಹಾಕಿ. ಕೊನೆಯ ರಾತ್ರಿ ಸೂಟ್‌ಕೇಸ್ ಕಟ್ಟಿ ಬಾಗಿಲಾಚೆ ಇಡುವ ಗಡಿಬಿಡಿ ಇರುತ್ತದೆ. ಕಾಗದದ ಮೇಲೆ ಈಗ ಉಳಿದ ರಾತ್ರಿಗಳೆಷ್ಟು? ಏಳು ರಾತ್ರಿಯ, ನಾಲ್ಕು ಬಂದರಿನ ಪ್ರಯಾಣದಲ್ಲಿ ಮೂರೋ ನಾಲ್ಕೋ ಉಳಿದರೆ ಹೆಚ್ಚು. ಮಧ್ಯಾಹ್ನದ ಊಟವಿಲ್ಲದೆ ಅನ್‌ಲಿಮಿಟೆಡ್ ತೂಗಿಬರಲು ಐದಾರು ಬೇಕಿತ್ತು.

ಸಮುದ್ರದ ದಿನಗಳು ಹೆಚ್ಚಿದ್ದರೆ ಚಿತ್ರ ಬದಲಾಗುತ್ತದೆ. ಆ ಮಧ್ಯಾಹ್ನಗಳಲ್ಲಿ ಕೆಲವು ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳು ತೆರೆದಿರುತ್ತವೆ, ಬಫೆಯಲ್ಲಿ ಜಾಗ ಸಿಗದ ಹೊತ್ತಿನಲ್ಲಿ ಅಲ್ಲಿ ನಿರಾಳವಾಗಿ ಕೂತು ಉಣ್ಣಬಹುದು. ಆದರೆ ಎಲ್ಲ ಹಡಗಿನಲ್ಲೂ ಮಧ್ಯಾಹ್ನ ತೆರೆಯುವುದಿಲ್ಲ, ಸಣ್ಣ ಹಾಗೂ ಹಳೆಯ ಹಡಗುಗಳಲ್ಲಿ ಇದನ್ನು ನಂಬಿಕೊಳ್ಳಬೇಡಿ.

ಹೆಜ್ಜೆ 5: ಹಡಗಿನಲ್ಲಿ ರೆಸ್ಟೋರೆಂಟ್‌ಗಳು ಎಷ್ಟಿವೆ ಎಣಿಸಿ

ಸ್ಪೆಷಾಲಿಟಿ ರೆಸ್ಟೋರೆಂಟಿನ ಮೆನು ಸಾಮಾನ್ಯವಾಗಿ ದಿನದಿನಕ್ಕೆ ಬದಲಾಗುವುದಿಲ್ಲ. ರಾಯಲ್ ಕೆರಿಬಿಯನ್‌ನ ಓಯಸಿಸ್ ದರ್ಜೆಯಂಥ ಭಾರೀ ಹಡಗಿನಲ್ಲಿ ಸ್ಟೇಕ್‌ಹೌಸ್, ಇಟಾಲಿಯನ್, ಜಪಾನಿ ಅಡುಗೆ, ಹಡಗಿನೊಳಗೇ ಇರುವ ಸೆಂಟ್ರಲ್ ಪಾರ್ಕ್ ಎಂಬ ತೋಟದ ಬದಿಯ ಫೈನ್ ಡೈನಿಂಗ್ ಹೀಗೆ ಆರಿಸಿಕೊಳ್ಳಲು ಸಾಕಷ್ಟಿದೆ. ಅದೇ ಕಂಪನಿಯ ಹಳೆಯ ಹಡಗಿನಲ್ಲಿ ಮೂರೇ ಇರಬಹುದು. ಅಲ್ಲಿ ಅನ್‌ಲಿಮಿಟೆಡ್ ಕೊಂಡರೆ ನಾಲ್ಕನೆಯ ರಾತ್ರಿ ಮತ್ತೆ ಅದೇ ಮೆನು ಕೈಗೆ ಬರುತ್ತದೆ.

ಮೆನುಗಳನ್ನು ಮೊದಲೇ ಹುಡುಕಿ ಓದಿ. ಮಾಂಸ, ಮೀನು ತಿನ್ನದವರಿಗೆ ಇದು ಅತಿ ಮುಖ್ಯ. ಸ್ಟೇಕ್‌ಹೌಸಿನ ಬೆಲೆ ನಿಂತಿರುವುದೇ ಮಾಂಸದ ಮೇಲೆ, ಸಸ್ಯಾಹಾರಿಗೆ ಅಲ್ಲಿ ಒಂದೋ ಎರಡೋ ಮೇನ್ ಕೋರ್ಸ್ ಸಿಗುತ್ತದೆ, ಕೊಡುವ ದುಡ್ಡು ಮಾತ್ರ ಎಲ್ಲರಷ್ಟೇ. ಮೇನ್ ಡೈನಿಂಗ್ ರೂಮಿನಲ್ಲಾದರೆ ಪ್ರತಿ ರಾತ್ರಿ ಹೊಸ ಸಸ್ಯಾಹಾರಿ ಅಡುಗೆ ಇರುತ್ತದೆ, ಹಿಂದಿನ ದಿನವೇ ವೇಟರ್‌ಗೆ ಹೇಳಿಟ್ಟರೆ ಬೇಕಾದಂತೆ ಮಾಡಿಸಿಯೂ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಅನ್‌ಲಿಮಿಟೆಡ್ ಪ್ಯಾಕೇಜ್ ನಾವು ಶಿಫಾರಸು ಮಾಡುವುದಿಲ್ಲ. ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಬಿಡಿಯಾಗಿ ಒಂದು ಊಟ ಮಾಡಿದರೆ ಆಸೆ ತೀರುತ್ತದೆ.

ಹೆಜ್ಜೆ 6: ಪ್ಯಾಕೇಜ್‌ನೊಳಗೆ ಏನಿಲ್ಲ ಎಂದು ಓದಿ

ಅನ್‌ಲಿಮಿಟೆಡ್ ಎಂದರೆ ಎಷ್ಟು ಸಲ ಬೇಕಾದರೂ ಹೋಗಬಹುದು ಎಂದಷ್ಟೇ, ತಟ್ಟೆಯ ಮೇಲೆ ಏನು ಬೇಕಾದರೂ ಅಲ್ಲ. ನಾರ್ವೀಜಿಯನ್‌ನಲ್ಲಿ ಪ್ಯಾಕೇಜ್ ಊಟವೆಂದರೆ ಒಂದು ಸ್ಟಾರ್ಟರ್, ಒಂದು ಸೂಪ್ ಅಥವಾ ಸಲಾಡ್, ಒಂದು ಮೇನ್ ಕೋರ್ಸ್, ಒಂದು ಡೆಸರ್ಟ್. ಅದನ್ನು ಮೀರಿದರೆ ದುಡ್ಡು ಬೇರೆ. ಡ್ರೈ ಏಜ್ಡ್ ಸ್ಟೇಕ್, ಇಡೀ ಲಾಬ್‌ಸ್ಟರ್ ಥರದ ಐಟಂಗಳ ಮುಂದೆ ಮೆನುವಿನಲ್ಲಿ ಸಣ್ಣದಾಗಿ ಒಂದು ಬೆಲೆ ಅಚ್ಚಾಗಿದ್ದರೆ ಅದು ಪ್ಯಾಕೇಜ್ ಇದ್ದವರಿಗೂ ಅನ್ವಯಿಸುವ ಹೆಚ್ಚುವರಿ ದರ. ಸ್ಟೇಕ್‌ಹೌಸಿಗಾಗಿಯೇ ಪ್ಯಾಕೇಜ್ ಕೊಂಡು, ಅಲ್ಲಿ ಪ್ರತಿ ಸಲ ಹೆಚ್ಚುವರಿ ದರದ ಸ್ಟೇಕನ್ನೇ ಕೇಳಿದರೆ ಪ್ಯಾಕೇಜಿನ ಲಾಭ ಎರಡೇ ಊಟದಲ್ಲಿ ಕರಗಿಹೋಗುತ್ತದೆ.

ಸುಶಿ ಕೌಂಟರ್, ಸ್ಪೋರ್ಟ್ಸ್ ಬಾರ್‌ನಂಥ ಕಡೆ ಐಟಂ ಲೆಕ್ಕದಲ್ಲಿ ಬಿಲ್ ಮಾಡುತ್ತಾರೆ. ಪ್ಯಾಕೇಜ್ ಇದ್ದವರಿಗೆ ಅಲ್ಲಿ ಇಂತಿಷ್ಟು ಡಾಲರಿನ ಕ್ರೆಡಿಟ್ ಸಿಗುತ್ತದೆ. ಅದಕ್ಕಿಂತ ಹೆಚ್ಚು ತಿಂದರೆ ವ್ಯತ್ಯಾಸ ಕೊಡಬೇಕು, ಕಡಿಮೆ ತಿಂದರೆ ಉಳಿದದ್ದು ವಾಪಸ್ ಬರುವುದಿಲ್ಲ. ಶೆಫ್ಸ್ ಟೇಬಲ್ ಎಂಬ ವಿಶೇಷ ಊಟ ಸಾಮಾನ್ಯವಾಗಿ ಪ್ಯಾಕೇಜಿನ ಹೊರಗೆ. ವೈನ್, ಕಾಕ್‌ಟೇಲ್‌ಗಳೂ ಹೊರಗೆ. ಡ್ರಿಂಕ್ಸ್ ಪ್ಯಾಕೇಜ್ ಇದ್ದರೆ ಅದು ರೆಸ್ಟೋರೆಂಟಿನೊಳಗೂ ನಡೆಯುತ್ತದೆ, ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳಬೇಡಿ. ಡ್ರಿಂಕ್ಸ್ ಪ್ಯಾಕೇಜನ್ನು ಒಂದೇ ಕ್ಯಾಬಿನ್ನಿನ ವಯಸ್ಕರೆಲ್ಲರೂ ಕೊಳ್ಳಬೇಕೆಂದು ಕೆಲವು ಕಂಪನಿಗಳ ನಿಯಮವಿದೆ. ಡೈನಿಂಗ್ ಪ್ಯಾಕೇಜಿಗೆ ಸಾಮಾನ್ಯವಾಗಿ ಆ ಕಟ್ಟುಪಾಡಿಲ್ಲ, ಒಬ್ಬರು ಕೊಂಡು ಇನ್ನೊಬ್ಬರು ಬಿಡಬಹುದು. ಆದರೆ ಒಬ್ಬರ ಪ್ಯಾಕೇಜಿನಲ್ಲಿ ಇಬ್ಬರು ಹಂಚಿಕೊಂಡು ಉಣ್ಣಲಾಗದು.

ಮಕ್ಕಳಿದ್ದರೆ ಅವರಿಗೆ ಪ್ಯಾಕೇಜ್ ಕೊಳ್ಳುವ ಮುನ್ನ ಬಿಡಿ ದರ ನೋಡಿ. ಅನೇಕ ಕಂಪನಿಗಳಲ್ಲಿ ಪುಟ್ಟ ಮಕ್ಕಳಿಗೆ ಸ್ಪೆಷಾಲಿಟಿ ರೆಸ್ಟೋರೆಂಟಿನಲ್ಲೂ ದುಡ್ಡಿಲ್ಲ, ಸ್ವಲ್ಪ ದೊಡ್ಡವರಿಗೆ ಕಡಿಮೆ ದರ ಇರುತ್ತದೆ.

ಹೆಜ್ಜೆ 7: ಯಾವಾಗ ಕೊಳ್ಳಬೇಕು

ಹತ್ತುವ ಮೊದಲು ಆನ್‌ಲೈನ್‌ನಲ್ಲಿ ಕೊಳ್ಳುವುದು ಹಡಗಿನ ಮೇಲಿನ ದರಕ್ಕಿಂತ ಸಾಮಾನ್ಯವಾಗಿ ಅಗ್ಗ. ಬೆಲೆ ಏರಿಳಿಯುತ್ತಲೇ ಇರುವುದರಿಂದ ಒಪ್ಪುವ ಬೆಲೆ ಕಂಡಾಗ ಕೊಂಡು, ಮತ್ತೆ ಆಗಾಗ ನೋಡುತ್ತಿರಿ. ಇಳಿದಿದ್ದರೆ ಹಳೆಯದನ್ನು ರದ್ದು ಮಾಡಿ ಹೊಸ ಬೆಲೆಗೆ ಕೊಳ್ಳಿ. ಇದಕ್ಕೆ ಪ್ರಯಾಣಕ್ಕೆ ಕೆಲವು ದಿನ ಮೊದಲಿನವರೆಗೆ ಅವಕಾಶವಿರುತ್ತದೆ, ಆ ಗಡುವನ್ನು ಕೊಳ್ಳುವಾಗಲೇ ಬರೆದಿಟ್ಟುಕೊಳ್ಳಿ. ರದ್ದು ಮಾಡುವ ಮೊದಲು ಹೊಸ ಬೆಲೆ ಕಾರ್ಟ್‌ನಲ್ಲಿ ಕೊನೆಯ ಪುಟದವರೆಗೂ ಹಾಗೇ ಬರುತ್ತದೆಯೇ ನೋಡಿ. ಆನ್‌ಬೋರ್ಡ್ ಕ್ರೆಡಿಟ್ (ಹಡಗಿನ ಖರ್ಚಿಗೆಂದು ನಿಮ್ಮ ಖಾತೆಗೆ ಹಾಕುವ ಮೊತ್ತ) ನಂಬಿಕೊಂಡಿದ್ದರೆ ಅದನ್ನು ಹತ್ತುವ ಮೊದಲೇ ಬಳಸಲು ಬರುತ್ತದೆಯೇ ಎಂದೂ ವಿಚಾರಿಸಿ, ಹಲವು ಬಗೆಯ ಕ್ರೆಡಿಟ್ ಹಡಗಿನ ಮೇಲೆ ಮಾತ್ರ ಚಲಾವಣೆಯಾಗುತ್ತದೆ.

ಒಂದೇ ಊಟ ಸಾಕೆನ್ನುವವರಿಗೆ ಕಾಯುವುದರಲ್ಲೂ ಲಾಭವಿದೆ. ಮೊದಲ ರಾತ್ರಿ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳು ಖಾಲಿ ಹೊಡೆಯುತ್ತಿರುತ್ತವೆ, ಅಂದು ರಿಯಾಯಿತಿ ಕೊಡುವುದುಂಟು. ಹತ್ತಿದ ಕೂಡಲೇ ಕೇಳಿ ನೋಡಿ.

ಹೆಜ್ಜೆ 8: ಹಡಗು ಹತ್ತಿದ ಮೊದಲ ಗಂಟೆ

ಪ್ಯಾಕೇಜ್ ಕೊಂಡ ಮಾತ್ರಕ್ಕೆ ಮೇಜು ಕಾದಿರಿಸಿದಂತಲ್ಲ. ಇದು ತಿಳಿಯದೆ ಮೂರನೆಯ ದಿನ ಹೋಗಿ ಕೇಳಿದವರಿಗೆ ಸಂಜೆ ಐದೂವರೆಯೋ ರಾತ್ರಿ ಒಂಬತ್ತೂ ಕಾಲೋ ಮಾತ್ರ ಉಳಿದಿರುತ್ತದೆ. ಕೆಲವು ಕಂಪನಿಗಳಲ್ಲಿ ಎಲ್ಲ ರಾತ್ರಿಗಳನ್ನೂ ಮನೆಯಿಂದಲೇ ಬುಕ್ ಮಾಡಬಹುದು, ಕೆಲವು ಕಡೆ ಅನ್‌ಲಿಮಿಟೆಡ್‌ನ ಬುಕಿಂಗ್ ಹಡಗಿನ ಮೇಲೇ ಆಗಬೇಕು. ಎರಡನೆಯದಾದರೆ ಹತ್ತಿದ ಕೂಡಲೇ ಬಫೆಗೆ ಓಡಬೇಡಿ. ನಾಲ್ಕನೆಯ ಹೆಜ್ಜೆಯಲ್ಲಿ ಮಾಡಿದ ಹಾಳೆಯನ್ನು ಹಿಡಿದು ಯಾವುದಾದರೂ ಒಂದು ಸ್ಪೆಷಾಲಿಟಿ ರೆಸ್ಟೋರೆಂಟಿನ ಡೆಸ್ಕಿಗೆ ಹೋಗಿ, ಸಾಮಾನ್ಯವಾಗಿ ಅಲ್ಲಿಂದಲೇ ಉಳಿದ ರೆಸ್ಟೋರೆಂಟ್‌ಗಳ ಮೇಜುಗಳನ್ನೂ ಬುಕ್ ಮಾಡಿಕೊಡುತ್ತಾರೆ. ಆರೂವರೆಯಿಂದ ಏಳೂವರೆಯ ನಡುವಿನ ಹೊತ್ತು ಎಲ್ಲಕ್ಕಿಂತ ಮೊದಲು ತುಂಬುತ್ತದೆ. ಸಮುದ್ರದ ದಿನಗಳ ರಾತ್ರಿ ಮತ್ತು ಕಡಿಮೆ ಆಸನಗಳಿರುವ ಟೆಪನ್ಯಾಕಿ, ಇವೆರಡನ್ನು ಮೊದಲು ಕೇಳಿ, ಮಿಕ್ಕಿದ್ದನ್ನು ಆಮೇಲೆ ಹೊಂದಿಸಿಕೊಳ್ಳಬಹುದು. ಆರೇಳು ಜನರ ಗುಂಪಾದರೆ ಒಂದೇ ಮೇಜು ಸಿಗುವುದು ಕಷ್ಟ, ಅಕ್ಕಪಕ್ಕದ ಎರಡು ಮೇಜಾದರೂ ಸರಿ ಎಂದು ಹೇಳಿಬಿಡಿ.

ಬುಕ್ ಮಾಡಿದ ಊಟಕ್ಕೆ ಹೋಗಲಾಗದಿದ್ದರೆ ಮೊದಲೇ ರದ್ದು ಮಾಡಿ. ಅನೇಕ ಹಡಗುಗಳಲ್ಲಿ 24 ಗಂಟೆ ಮುಂಚೆ ಹೇಳಬೇಕೆಂಬ ನಿಯಮವಿದೆ, ಹೇಳದೆ ತಪ್ಪಿಸಿದರೆ ಶುಲ್ಕ ಹಾಕುತ್ತಾರೆ ಅಥವಾ ಎಣಿಕೆಯ ಪ್ಯಾಕೇಜಿನಿಂದ ಒಂದು ಊಟ ಕಳೆಯುತ್ತಾರೆ.

ಪ್ರತಿ ಊಟದ ಕೊನೆಯಲ್ಲಿ ಸಹಿಗಾಗಿ ಬರುವ ರಸೀದಿಯಲ್ಲಿ ಕವರ್ ಚಾರ್ಜ್, ಅಂದರೆ ಊಟದ ನಿಗದಿತ ದರ, ಸೊನ್ನೆ ಇದೆಯೇ ನೋಡಿ. ಪ್ಯಾಕೇಜಿನ ಸೇವಾ ಶುಲ್ಕವನ್ನು ಕೊಳ್ಳುವಾಗಲೇ ಕೊಟ್ಟಿರುತ್ತೀರಿ, ಕೆಳಗೆ ಹೆಚ್ಚುವರಿ ಟಿಪ್‌ಗೆಂದು ಬಿಟ್ಟ ಖಾಲಿ ಜಾಗ ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಮಾರನೆಯ ಬೆಳಗ್ಗೆ ಆ್ಯಪ್‌ನಲ್ಲೋ ಕ್ಯಾಬಿನ್ನಿನ ಟಿವಿಯಲ್ಲೋ ಖಾತೆ ತೆರೆದು ಹಿಂದಿನ ರಾತ್ರಿಯ ಸಾಲನ್ನು ಪರೀಕ್ಷಿಸಿ. ಪ್ಯಾಕೇಜ್ ಇದ್ದರೂ ಪೂರ್ತಿ ದರ ಬಿದ್ದಿದ್ದರೆ ಆ ದಿನವೇ ಗೆಸ್ಟ್ ಸರ್ವೀಸಸ್‌ಗೆ ಹೋಗಿ ತೋರಿಸಿದರೆ ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತಾರೆ. ಇಳಿಯುವ ಹಿಂದಿನ ಸಂಜೆ ಅದೇ ಡೆಸ್ಕಿನ ಮುಂದೆ ಉದ್ದದ ಸಾಲು ಇರುತ್ತದೆ, ಅಲ್ಲಿಯವರೆಗೆ ಬಿಡಬೇಡಿ.